1325 ಸಿಎನ್‌ಸಿ ರೂಟರ್: ಬಾಗಿಲ ಗಣಪತಿಗಿಂತ ಕುರ್ಚಿಯ ಕಾಲಿಗೇ ಲಾಯಕ್ಕು

ಎಂಟಡಿ ನಾಲ್ಕಡಿಯ ಪ್ಲೈವುಡ್ ಹಾಳೆ ಹಾಸಿದರೂ ಸುತ್ತ ಒಂದಿಷ್ಟು ಜಾಗ ಉಳಿಯುವ ಮೇಜು, ಅದರ ಮೇಲೆ ಹಿಂದೆ ಮುಂದೆ ಓಡುವ ಕಬ್ಬಿಣದ ಕಮಾನು, ಕಮಾನಿಗೆ ಕೂರಿಸಿದ ಸ್ಪಿಂಡಲ್, ಅಂದರೆ ಕೊರೆಯುವ ಬಿಟ್ಟನ್ನು ತಿರುಗಿಸುವ ಮೋಟಾರು. ಕಂಪ್ಯೂಟರ್ ಫೈಲ್ ಹೇಳಿದಂತೆ ತಾನೇ ಓಡಿ ಮರ ಕೊರೆಯುವ ಸಿಎನ್‌ಸಿ ರೂಟರ್ ಇದು. ಅಗಲ 1300 ಮಿಮೀ, ಉದ್ದ 2500 ಮಿಮೀ. 1325 ಎಂಬ ಹೆಸರು ಬಂದದ್ದು ಈ ಅಳತೆಯಿಂದ. ತಯಾರಿಸಿದವರು ಯಾರೇ ಇರಲಿ, ಪೇಟೆಯಲ್ಲಿ ಹೆಸರು ಇದೇ. ಬಾಗಿಲಿಗೆ ಗಣಪತಿ, ದೇವರ ಕೋಣೆಗೆ ಜಾಲಿ, ಮಂಚದ ತಲೆಹಲಗೆಗೆ ಹೂಬಳ್ಳಿ: ನಮ್ಮ ಕಡೆ ಈ ಯಂತ್ರಕ್ಕೆ ಸಿಗುವ ಕೆಲಸ ಹೆಚ್ಚಾಗಿ ಇಷ್ಟೇ, ಮಾರುವವರು ಕೊಡುವ ಡೆಮೊ ಕೂಡ ಇದೇ. ಕುರ್ಚಿ, ಮೇಜು, ಬೆಂಚು ಮಾಡುವ ಅಂಗಡಿಗೆ ಮಾತ್ರ ಇದರ ದುಡ್ಡು ಹುಟ್ಟುವುದು ಕೆತ್ತನೆಯಲ್ಲಲ್ಲ, ಜೋಡಣೆಯಲ್ಲಿ. ಇಲ್ಲಿ ನೋಡಿರುವುದು ಮೂರು ಆಕ್ಸಿಸ್‌ನ (ಉದ್ದಕ್ಕೆ, ಅಡ್ಡಕ್ಕೆ, ಮೇಲೆ ಕೆಳಗೆ ಮಾತ್ರ ಓಡುವ), 6 ಕಿಲೋವ್ಯಾಟ್ ಏರ್‌ಕೂಲ್ಡ್ ಸ್ಪಿಂಡಲ್ ಇರುವ ಮಾದರಿ. ಪರೀಕ್ಷೆಗೆ ಇಟ್ಟುಕೊಂಡದ್ದು ತೇಗದ ಆರು ಊಟದ ಕುರ್ಚಿಗಳ ಸೆಟ್ಟು.

ಮೊದಲು ಕಬ್ಬಿಣದ ಮಾತು. ಉದ್ದಕ್ಕೂ ಅಡ್ಡಕ್ಕೂ ಓಡಿಸುವುದು ಹಲ್ಲಿನ ಪಟ್ಟಿ ಮತ್ತು ಅದರ ಮೇಲೆ ಉರುಳುವ ಸಣ್ಣ ಹಲ್ಲುಚಕ್ರ ಪಿನಿಯನ್, ಮೇಲೆ ಕೆಳಗೆ ಇಳಿಸುವುದು ಗುಂಡುಗಳ ಮೇಲೆ ತಿರುಗುವ ಉದ್ದ ತಿರುಪು, ಬಾಲ್ ಸ್ಕ್ರೂ. ಕಡಿಮೆ ಬೆಲೆಯ ಮಾದರಿಗಳಲ್ಲಿ ಇವನ್ನು ತಿರುಗಿಸುವುದು ಸಾದಾ ಸ್ಟೆಪ್ಪರ್ ಮೋಟಾರು. ಅದಕ್ಕೆ ಹೆಜ್ಜೆ ಹಾಕುವುದು ಗೊತ್ತು, ಹೆಜ್ಜೆ ತಪ್ಪಿದ್ದು ಗೊತ್ತಾಗುವುದಿಲ್ಲ. ಗಂಟಿಗೆ ಸಿಕ್ಕಿಯೋ ಕ್ಲಾಂಪಿಗೆ ತಾಗಿಯೋ 2 ಮಿಮೀ ಜಾರಿದರೆ, ಅಲ್ಲಿಂದಾಚೆಯ ಕೆಲಸವೆಲ್ಲ 2 ಮಿಮೀ ಪಕ್ಕದಲ್ಲಿ ನಿಷ್ಠೆಯಿಂದ ನಡೆಯುತ್ತಲೇ ಇರುತ್ತದೆ. ಎಷ್ಟು ತಿರುಗಿತೆಂದು ಅಳೆಯುವ ಎನ್‌ಕೋಡರ್ ಇರುವ ಹೈಬ್ರಿಡ್ ಸರ್ವೊ ಮೋಟಾರು ಆದರೆ ಅಲ್ಲೇ ನಿಂತು ಅಲಾರಾಂ ಕೊಡುತ್ತದೆ. ಕೈಯಲ್ಲಿ ಹೆಚ್ಚುವರಿ ಹಣ ಇದ್ದರೆ ಅದನ್ನು ಸ್ಪಿಂಡಲ್‌ನ ಕಿಲೋವ್ಯಾಟಿಗೆ ಸುರಿಯದೆ ಈ ಮೋಟಾರಿಗೆ ಹಾಕಬೇಕು. 10 ಮಿಮೀವರೆಗಿನ ಬಿಟ್ಟಿಗೆ 3 ಕಿಲೋವ್ಯಾಟ್ ಸಾಕು. ವಾಟರ್‌ಕೂಲ್ಡ್ ಸ್ಪಿಂಡಲ್ ಸದ್ದು ಕಡಿಮೆ ಮಾಡುತ್ತದೆ, ಆದರೆ ಬಕೆಟ್ಟಿನ ನೀರು ಪಾಚಿಗಟ್ಟಿ ಪೈಪು ಕಟ್ಟಿಕೊಂಡದ್ದು ಸ್ಪಿಂಡಲ್ ಸುಟ್ಟ ಮೇಲೆಯೇ ಕಣ್ಣಿಗೆ ಬೀಳುವುದು.

ಇನ್ನು ಕುರ್ಚಿ. ಹಿಂಗಾಲು 950 ಮಿಮೀ ಉದ್ದ, 40 ಮಿಮೀ ದಪ್ಪ, ಸೀಟಿನ ಮಟ್ಟದಿಂದ ಮೇಲಕ್ಕೂ ಕೆಳಕ್ಕೂ ಹಿಂದಕ್ಕೆ ಬಾಗಿದ್ದು. ಆರು ಕುರ್ಚಿಗೆ ಹನ್ನೆರಡು ಕಾಲು. ಬ್ಯಾಂಡ್‌ಸಾದಲ್ಲಿ ಕೊಯ್ದು ಕೀಸುಳಿ ಹಿಡಿದು ಒಂದಕ್ಕೊಂದು ಸರಿಹೊಂದಿಸುವ ಕೆಲಸ ಗೊತ್ತಿದ್ದವರಿಗೆ ಇಲ್ಲಿ ಉಳಿಯುವ ಶ್ರಮ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಎರಡು ಧಾರೆಯ, ಉಕ್ಕಿಗಿಂತ ಗಟ್ಟಿಯಾದ 10 ಮಿಮೀ ಕಾರ್ಬೈಡ್ ಬಿಟ್, ನಿಮಿಷಕ್ಕೆ 16,000 ಸುತ್ತು, 3,500 ಮಿಮೀ ಓಟ, ಒಂದು ಪಾಸಿಗೆ (ಒಂದು ಸಲದ ಕೊರೆತಕ್ಕೆ) 5 ಮಿಮೀ ಆಳ. ಎಂಟು ಪಾಸಿನಲ್ಲಿ ಕಾಲು ಹೊರಬರುತ್ತದೆ. ಸುತ್ತಲೂ 0.3 ಮಿಮೀ ಉಳಿಸಿಕೊಂಡು ಕೊನೆಗೆ ಪೂರ್ತಿ ಆಳಕ್ಕೆ ಒಂದೇ ಫಿನಿಶ್ ಪಾಸ್ ಕೊಟ್ಟರೆ, ಪ್ರತಿ 5 ಮಿಮೀಗೆ ಬೀಳುವ ಗೆರೆಗಳು ಹೋಗುತ್ತವೆ. ಎಲ್ಲ ಸೇರಿ ಕಾಲಿಗೆ ಏಳು ನಿಮಿಷ. ಹಲಗೆ ಕಟ್ಟುವ ಬಿಚ್ಚುವ ಹೊತ್ತು ಬಿಟ್ಟರೆ ಹನ್ನೆರಡೂ ಒಂದೂವರೆ ಗಂಟೆಯೊಳಗೆ.

ಅದೇ ಹಿಡಿತದಲ್ಲಿ, ಹಲಗೆ ಕದಲಿಸದೆ, ಹಿಂದಿನ ಅಡ್ಡಪಟ್ಟಿಗಳ ನಾಲಿಗೆ ಕೂರುವ ಮಾರ್ಟೀಸ್ ತೂತುಗಳನ್ನೂ ಹೊಡೆದುಬಿಡಬೇಕು. ಯಂತ್ರದ ಬೆಲೆ ಹುಟ್ಟುವುದು ಇಲ್ಲಿಯೇ. ಹೊರ ಆಕಾರ ಮತ್ತು ತೂತು ಒಂದೇ ಸೊನ್ನೆಯಿಂದ (ಅಳತೆ ಶುರುವಾಗುವ ಬಿಂದುವಿನಿಂದ) ಅಳೆದದ್ದಾದ್ದರಿಂದ ಹನ್ನೆರಡು ಕಾಲಿನಲ್ಲೂ ತೂತು ಅದೇ ಜಾಗಕ್ಕೆ ಬೀಳುತ್ತದೆ. 12 ಮಿಮೀ ಅಗಲ, 45 ಮಿಮೀ ಉದ್ದ, 25 ಮಿಮೀ ಆಳದ ತೂತಿಗೆ 8 ಮಿಮೀ ಬಿಟ್ ಸಾಕು. ಅದನ್ನು ನೆಟ್ಟಗೆ ಕೆಳಗೆ ಒತ್ತಬಾರದು, ಓರೆಯಾಗಿ ಇಳಿಸಬೇಕು. ನೆಟ್ಟಗೆ ಒತ್ತಿದರೆ ಹೊಟ್ಟು ಹೊರಬರಲಾಗದೆ ತಳ ಸುಟ್ಟು ಕರಿಯಾಗುತ್ತದೆ, ಬಿಟ್ಟೂ ನೀಲಿಗಟ್ಟುತ್ತದೆ. ತಿರುಗುವ ಬಿಟ್ ಚೌಕ ಮೂಲೆ ಬಿಡಲಾರದು. ಹಾಗಾಗಿ ತೂತಿನ ಎರಡು ತುದಿಯನ್ನೂ ಅರ್ಧವೃತ್ತವಾಗಿಯೇ ಬರೆದುಕೊಂಡು, ಪಟ್ಟಿಯ ಟೆನನ್ ನಾಲಿಗೆಯ ಅಂಚನ್ನು 6 ಮಿಮೀ ತ್ರಿಜ್ಯಕ್ಕೆ ಅರದಲ್ಲಿ ಉರುಟು ಮಾಡುವುದೇ ಸಲೀಸು. ಉಳಿ ಹಿಡಿದು ಮೂಲೆ ಚೌಕ ಮಾಡಲು ಹೊರಟರೆ ಒಂದು ಸೆಟ್ಟಿಗೆ ಅರ್ಧ ದಿನ ಹೋಗುತ್ತದೆ, ಒಳಗೆ ಅಡಗುವ ಮೂಲೆಯನ್ನು ಗಿರಾಕಿ ನೋಡುವುದೂ ಇಲ್ಲ. ನಾಲಿಗೆಗಿಂತ ತೂತು 0.15 ಮಿಮೀ ಸಡಿಲ ಇರಲಿ. ಅಷ್ಟೂ ಬಿಡದೆ ಬಿಗಿ ಮಾಡಿದರೆ ಬಡಿಯುವಾಗ ಗೋಂದೆಲ್ಲ ಮೇಲಕ್ಕೆ ಒರೆಸಿಕೊಂಡು ಬರುತ್ತದೆ, ಕೀಲು ಒಳಗೆ ಒಣಗಿಯೇ ಉಳಿಯುತ್ತದೆ.

ಎಡಗಾಲು ಬಲಗಾಲಿನ ಕನ್ನಡಿಬಿಂಬ. ಫೈಲ್ ತಿರುಗಿಸಲು ಮರೆತು ಹನ್ನೆರಡೂ ಎಡಗಾಲೇ ಆದರೆ ಅರ್ಧ ನಾಟಾ ಒಲೆಗೆ. ಇದು ನಗುವ ಮಾತಲ್ಲ, ಅತಿ ಸಾಮಾನ್ಯ ತಪ್ಪು.

ಪಕ್ಕದ ಪಟ್ಟಿಗಳಿಗೆ ಬಂದಾಗ ಮೂರು ಆಕ್ಸಿಸ್‌ನ ಮಿತಿ ಕಾಣಿಸಿಕೊಳ್ಳುತ್ತದೆ. ಕುರ್ಚಿಯ ಸೀಟು ಮುಂದೆ 460, ಹಿಂದೆ 400, ಆಳ 400 ಮಿಮೀ ಎನ್ನಿ. ಒಂದೊಂದು ಬದಿಗೆ 30 ಮಿಮೀ ಓರೆ, ಅಂದರೆ 4.3 ಡಿಗ್ರಿ. ಈ ತೂತು ಕಾಲಿನ ಮುಂಭಾಗದ ಅಂಚಿಗೆ ಬೀಳಬೇಕು, ಅದೂ ಓರೆಯಾಗಿ. ಮಲಗಿಸಿದ ಕಾಲಿಗೆ ಇದು ಆಗದು. ಕಾಲಿನ ಹಿಂಬದಿಯ ಬಾಗಿಗೆ ಸರಿಯಾಗಿ ಕೂರುವ ಎರಡು ತೊಟ್ಟಿಲುಗಳನ್ನು 18 ಮಿಮೀ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಅದೇ ಯಂತ್ರದಿಂದ ಕೊಯ್ದು, ಕಾಲನ್ನು ಅಂಚಿನ ಮೇಲೆ ನಿಲ್ಲಿಸಿ, ಅಡಿಗೆ ಬೆಣೆ ಕೊಡಬೇಕು. 40 ಮಿಮೀ ದಪ್ಪಕ್ಕೆ 3 ಮಿಮೀ ಏರುವ ಬೆಣೆ ಸರಿಹೋಗುತ್ತದೆ. ಇನ್ನೊಂದು ಕಾಲಿಗೆ ಬೆಣೆ ತಿರುಗಿಸಿಡಿ. ಪಕ್ಕದ ತೂತು ಮತ್ತು ಹಿಂದಿನ ತೂತು ಕಾಲಿನ ಒಳಗೆ ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಎತ್ತರದಲ್ಲಿ ಸ್ವಲ್ಪ ಮೇಲೆ ಕೆಳಗೆ ಮಾಡಿಕೊಳ್ಳುವುದನ್ನು ಡ್ರಾಯಿಂಗ್‌ನಲ್ಲೇ ನೋಡಿಕೊಳ್ಳಬೇಕು.

ಪಟ್ಟಿಯ ತುದಿಯ ನಾಲಿಗೆಯನ್ನಂತೂ ಈ ಯಂತ್ರದಲ್ಲಿ ಮಾಡುವ ಹಟವೇ ಬೇಡ. ಕಮಾನಿನ ಕೆಳಗೆ 200 ಮಿಮೀ ಆಸುಪಾಸಿನ ಎತ್ತರ, ಪಟ್ಟಿ ಅದರ ಎರಡರಷ್ಟು ಉದ್ದ. ನಿಲ್ಲಿಸಲು ಜಾಗವಿಲ್ಲ. ಮಲಗಿಸಿ ಒಂದು ಮಗ್ಗುಲು ಕೊರೆದು, ಮಗುಚಿ ಇನ್ನೊಂದು ಮಗ್ಗುಲು ಕೊರೆಯಬಹುದು, ಆದರೆ ಮಗುಚುವಾಗ ಆದ ತಪ್ಪು ಎರಡರಷ್ಟಾಗಿ ಹೊರಬೀಳುತ್ತದೆ. ಟೇಬಲ್‌ಸಾದ ಬ್ಲೇಡನ್ನು 4.3 ಡಿಗ್ರಿ ವಾಲಿಸಿ ನಾಲಿಗೆಯ ಬುಡದ ಭುಜ ಕೊಯ್ಯುವುದೇ ಬೇಗ. ‘ಪೂರ್ತಿ ಕುರ್ಚಿ ಯಂತ್ರವೇ ಮಾಡುತ್ತದೆ’ ಎನ್ನುವ ಮಾರಾಟಗಾರರ ಹತ್ತಿರ ಈ ಪಟ್ಟಿಯ ತುದಿಯನ್ನು ಹೇಗೆ ಮಾಡುತ್ತೀರಿ ಎಂದು ಕೇಳಿ ನೋಡಬೇಕು.

ಹಿಡಿತದ ವಿಷಯ ಯಾರೂ ಸರಿಯಾಗಿ ಹೇಳುವುದಿಲ್ಲ. ಅಡಿಯಿಂದ ಗಾಳಿ ಎಳೆದು ಹಲಗೆ ಹಿಡಿಯುವ ವ್ಯಾಕ್ಯೂಮ್ ಮೇಜು ಪ್ಲೈವುಡ್ ಹಾಳೆಗೆ ಚಿನ್ನ, ಗಟ್ಟಿ ಮರಕ್ಕೆ ಅರ್ಧಂಬರ್ಧ. ಪಂಪು ಚದರ ಸೆಂಟಿಮೀಟರಿಗೆ 0.6 ಕೆಜಿ ಎಳೆಯುತ್ತದೆ ಎಂದು ಇಟ್ಟುಕೊಂಡರೆ, 5 ಸೆಂಮೀಗೆ 5 ಸೆಂಮೀ ತುಂಡಿನ ಮೇಲೆ ಬೀಳುವುದು ಬರೀ 15 ಕೆಜಿ. ಪಕ್ಕಕ್ಕೆ ಜಾರದಂತೆ ತಡೆಯುವುದು ಅದರ ಮೂರನೇ ಒಂದಂಶವೂ ಇಲ್ಲ. ಹಲಗೆ ಸ್ವಲ್ಪ ಡೊಂಕಿದ್ದರೆ ಗಾಳಿ ಸೋರಿ ಅದೂ ಇಲ್ಲ. ಕಾಲುಗಳಿಗೆ ಅಂಚಿನ ವ್ಯರ್ಥ ಭಾಗದಲ್ಲಿ ಸ್ಕ್ರೂ ಹೊಡೆದು, ಪ್ರತಿ ಕಾಲಿಗೆ ನಾಲ್ಕು ‘ಟ್ಯಾಬ್’ (ಕಾಲನ್ನು ಹಲಗೆಗೆ ಹಿಡಿದಿಡುವ, ಕೊಯ್ಯದ ತುಣುಕು) ಉಳಿಸುವುದು ಒಳ್ಳೆಯದು. ಒಂದೊಂದೂ 10 ಮಿಮೀ ಅಗಲ, 3 ಮಿಮೀ ದಪ್ಪ ಇರಲಿ. ಟ್ಯಾಬನ್ನು ಬಾಗಿನ ಮೇಲೆ ಇಡದೆ ನೇರ ಭಾಗದಲ್ಲಿ ಇಟ್ಟರೆ ಆಮೇಲೆ ಕೀಸುಳಿಯ ಎರಡೆಳೆತದಲ್ಲಿ ಹೋಗುತ್ತದೆ. ಸಣ್ಣ ತುಂಡಿಗೆ ಮೇಜಿನ ಮೇಲೊಂದು, ತುಂಡಿನ ಅಡಿಗೊಂದು ಮಾಸ್ಕಿಂಗ್ ಟೇಪ್ ಅಂಟಿಸಿ, ನಡುವೆ ಫೆವಿಕ್ವಿಕ್ ಥರದ ಅಂಟು ಹಾಕುವ ಉಪಾಯ ಅಗ್ಗದ್ದು, ನಂಬಿಕೆಯದ್ದು ಕೂಡ.

ಮೇಜಿನ ಮೇಲಿನ ಎಂಡಿಎಫ್ ಹಾಸು ಮಳೆಗಾಲದಲ್ಲಿ ಉಬ್ಬುತ್ತದೆ. 50 ಮಿಮೀ ಬಿಟ್ ಹಾಕಿ 0.5 ಮಿಮೀ ಕೆರೆದು ಸಮ ಮಾಡಿಕೊಳ್ಳುವುದು ಕಾಲಕಾಲಕ್ಕೆ ಇದ್ದದ್ದೇ. ಹಾಗೆ ಕೆರೆದ ಮೇಲೆ ಉಗುರು ಎಳೆದು ನೋಡಿದಾಗ ಸಾಲು ಸಾಲಾಗಿ ತಡೆದರೆ ಸ್ಪಿಂಡಲ್ ವಾಲಿದೆ ಎಂದರ್ಥ. ಡಯಲ್ ಗೇಜನ್ನು ಸ್ಪಿಂಡಲ್ಲಿಗೆ ಕಟ್ಟಿ ಕೈಯಲ್ಲಿ ಸುತ್ತಿಸಿ, ತಗಡು ಕೊಟ್ಟು ನೆಟ್ಟಗೆ ಮಾಡದೆ ಮುಂದುವರಿದರೆ ಆ ಸಾಲುಗಳು ಮೇಜಿನ ಹಲಗೆಯ ಪಾಲಿಶ್‌ನಲ್ಲಿ ಎದ್ದು ಕಾಣುತ್ತವೆ.

ಬಿಟ್ಟುಗಳ ಖರ್ಚು ಯಂತ್ರದ ಕೊಟೇಶನ್‌ನಲ್ಲಿ ಇರುವುದಿಲ್ಲ. ತೇಗದ ಮೈಯಲ್ಲೇ ಸಿಲಿಕಾ ಇದೆ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ ಅದರ ಮುಂದೆ ಬಹಳ ಹೊತ್ತು ನಿಲ್ಲುವುದಿಲ್ಲ, ಕಾರ್ಬೈಡೂ ಹಲಸಿನಲ್ಲಿ ಬಾಳಿದಷ್ಟು ಇದರಲ್ಲಿ ಬಾಳದು. ಬಿಟ್ ಉಳಿಸಲು ಓಟ ನಿಧಾನ ಮಾಡುವವರು ಹೆಚ್ಚು. ಅದು ಉಲ್ಟಾ ಕೆಲಸ. ಮೇಲೆ ಹೇಳಿದ ವೇಗದಲ್ಲಿ ಒಂದೊಂದು ಧಾರೆ 0.11 ಮಿಮೀ ಸಿಪ್ಪೆ ತೆಗೆಯುತ್ತದೆ. ಸುತ್ತು ಅಷ್ಟೇ ಇಟ್ಟು ಓಟವನ್ನು 1,000ಕ್ಕೆ ಇಳಿಸಿದರೆ ಸಿಪ್ಪೆ 0.03 ಆಗಿ, ಧಾರೆ ಕೊಯ್ಯುವ ಬದಲು ಉಜ್ಜುತ್ತದೆ. ಹೊಟ್ಟು ಮುಟ್ಟಿ ನೋಡಿ: ಪುಡಿ ಪುಡಿಯಾಗಿ ಬಿಸಿ ಇದ್ದರೆ ಓಟ ಸಾಲದು, ಸಣ್ಣ ಸಿಪ್ಪೆಯಾಗಿ ತಣ್ಣಗಿದ್ದರೆ ಸರಿ. ಹೊಟ್ಟನ್ನು ಮೇಲಕ್ಕೆ ಎಳೆಯುವ ಅಪ್‌ಕಟ್ ಬಿಟ್ ಮೇಲಿನ ಅಂಚಿನಲ್ಲಿ ಸಿಬಿರು ಏಳಿಸುತ್ತದೆ, ಡೌನ್‌ಕಟ್ ಹೊಟ್ಟನ್ನು ಒಳಗೇ ತುರುಕುತ್ತದೆ. ತುದಿಯಲ್ಲಿ ಅಪ್‌ಕಟ್, ಅದರ ಮೇಲೆ ಡೌನ್‌ಕಟ್ ಇರುವ ಕಂಪ್ರೆಶನ್ ಬಿಟ್ ಕೊಂಡವರೂ ಮೇಲೆ ಸಿಬಿರು ಬಂತೆಂದು ದೂರುತ್ತಾರೆ. ತಪ್ಪು ಬಿಟ್ಟಿನದಲ್ಲ. ಅದರ ತುದಿಯ ಅಪ್‌ಕಟ್ ಭಾಗ ಪೂರ್ತಿ ಮುಳುಗುವಷ್ಟು ಮೊದಲ ಪಾಸೇ ಆಳ ಇರಬೇಕು. 3 ಮಿಮೀ 3 ಮಿಮೀ ಇಳಿಸಿದರೆ ಅದು ಬರೀ ಅಪ್‌ಕಟ್ಟೇ.

ಕೆತ್ತನೆಗೆ ಬಂದರೆ ಲೆಕ್ಕವೇ ಬೇರೆ. ಉರುಟು ತುದಿಯ ಬಿಟ್ ಸಾಲು ಸಾಲಾಗಿ ಓಡಿದಾಗ ನಡುವೆ ಉಳಿಯುವ ಏಣಿನ ಎತ್ತರ, ಸಾಲಿನ ಅಂತರದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದಷ್ಟು. 6 ಮಿಮೀ ಬಿಟ್, 0.6 ಮಿಮೀ ಅಂತರ ಎಂದರೆ ಏಣು 0.015 ಮಿಮೀ. 180ರ ಉಪ್ಪುಕಾಗದ ಒಮ್ಮೆ ಆಡಿಸಿದರೆ ಸಾಕು. ಆದರೆ 2 ಮೀಟರಿಗೆ 90 ಸೆಂಮೀ ಬಾಗಿಲು ಪೂರ್ತಿ ಹೀಗೆ ಕೆತ್ತಲು ಬಿಟ್ 3 ಕಿಲೋಮೀಟರ್ ಓಡಬೇಕು. ನಿಮಿಷಕ್ಕೆ 3 ಮೀಟರ್‌ನಂತೆ ಸುಮಾರು ಹದಿನಾರೂ ಮುಕ್ಕಾಲು ಗಂಟೆ, ಮೂಲೆಮೂಲೆಯಲ್ಲಿ ನಿಧಾನವಾಗುವುದನ್ನು ಸೇರಿಸದೆ. ಕೂಲಿಗೆ ಕೊರೆದುಕೊಡುವ ಜಾಬ್‌ವರ್ಕ್‌ನವರು ತ್ರೀಡಿ ಕೆತ್ತನೆಯನ್ನು ಗಂಟೆ ಲೆಕ್ಕದಲ್ಲಿ ಮಾಡುವುದು ಸುಮ್ಮನೆ ಅಲ್ಲ. ಗಂಟೆ ಉಳಿಸಲು ಅಂತರವನ್ನು 1.2 ಮಿಮೀ ಮಾಡಿದರೆ ಏಣು ನಾಲ್ಕರಷ್ಟಾಗಿ, ಉಳಿಸಿದ ಯಂತ್ರದ ಹೊತ್ತೆಲ್ಲ ಹೂದಳದ ಸಂದಿಯಲ್ಲಿ ಬೆರಳು ಸವೆಸುವುದಕ್ಕೆ ಹೋಗುತ್ತದೆ. ಎಲ್ಲ ಮನೆಯ ಬಾಗಿಲಲ್ಲೂ ಅದೇ ಗಣಪತಿ ಕೂತಿರುವುದಕ್ಕೆ ಕಾರಣ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹರಿದಾಡುವ ಅವೇ ರಿಲೀಫ್ (ಉಬ್ಬುಕೆತ್ತನೆ) ಫೈಲುಗಳು. ಸಾಗರ, ಸೊರಬದ ಪರಂಪರೆಯ ಕೆತ್ತನೆಗಾರರಾದ ಗುಡಿಗಾರರ ಉಳಿಯ ಗುರುತನ್ನು ಅವುಗಳಲ್ಲಿ ಹುಡುಕಬೇಡಿ.

ಕುರ್ಚಿಯ ಸೀಟಿನ ತಗ್ಗು ಮಾತ್ರ ಇದೇ ಲೆಕ್ಕದಲ್ಲಿ ಲಾಭದ ಕೆಲಸ. ಅಲ್ಲಿ ಸೂಕ್ಷ್ಮ ರೇಖೆ ಇಲ್ಲವಾದ್ದರಿಂದ 20 ಮಿಮೀ ಉರುಟು ಬಿಟ್, 2 ಮಿಮೀ ಅಂತರ ಹಾಕಬಹುದು. ಏಣು 0.05 ಮಿಮೀ, 40 ಸೆಂಮೀಗೆ 40 ಸೆಂಮೀ ಸೀಟಿಗೆ ಅರ್ಧ ಗಂಟೆಯೂ ಬೇಡ. ಬಾಗಿದ ಸ್ಕ್ರೇಪರ್ ತಗಡಿನಲ್ಲಿ, ಅದಿಲ್ಲದಿದ್ದರೆ ಆಚಾರ್ರು ಹಿಂದಿನಿಂದ ಮಾಡಿಕೊಂಡು ಬಂದಂತೆ ಗಾಜಿನ ಚೂರಿನಲ್ಲಿ ಕೆರೆದರೆ, ಸೀಟು ಕೈಯಲ್ಲಿ ತೋಡಿದ್ದೇ ಎನಿಸುತ್ತದೆ.

ಯಂತ್ರದ 0.1 ಮಿಮೀ ನಿಖರತೆಯನ್ನು ಮರ ಕೇಳುವುದಿಲ್ಲ. ಹಸಿಯಿಂದ ಪೂರ್ತಿ ಒಣಗುವ ಹೊತ್ತಿಗೆ ತೇಗ ವಾರ್ಷಿಕ ಉಂಗುರದ ಗುಂಟ ಸುಮಾರು 5.8 ಶೇಕಡಾ, ಅದಕ್ಕೆ ಅಡ್ಡಲಾಗಿ 2.5 ಶೇಕಡಾ ಕುಗ್ಗುತ್ತದೆ. ಮರಗಳಲ್ಲಿ ಇದು ಕಡಿಮೆಯೇ. ಹಾಗಿದ್ದೂ 450 ಮಿಮೀ ಅಗಲದ ಸೀಟಿನ ತೇವ 5 ಶೇಕಡಾ ಬದಲಾದರೆ ಅಗಲದಲ್ಲಿ 4 ಮಿಮೀಗೂ ಮೇಲೆ ವ್ಯತ್ಯಾಸ ಬರುತ್ತದೆ. ಕರಾವಳಿಯ ಆಷಾಢದಲ್ಲಿ ಅಳೆದು ಕೊರೆದ ಹಲಗೆ ಬೆಂಗಳೂರಿನ ಮಾರ್ಚಿನಲ್ಲಿ ಅದೇ ಅಳತೆಗೆ ನಿಲ್ಲುವುದಿಲ್ಲ. ತೇವದ ಮೀಟರು 12 ಶೇಕಡಾದ ಒಳಗೆ ತೋರಿಸಿದ ಮೇಲೆ ಕೊರೆಯಬೇಕು. ಸೀಟನ್ನು ಪಟ್ಟಿಗೆ ಅಂಟಿಸದೆ, ಅಡ್ಡಕ್ಕೆ ಉದ್ದಗೆ ಕೊರೆದ ತೂತಿನಲ್ಲಿ ಸ್ಕ್ರೂ ಹಾಕಿ ಆಡಲು ಬಿಡಬೇಕು. ಒಂದೇ ಮಗ್ಗುಲನ್ನು ಆಳವಾಗಿ ತೋಡಿದ ಹಲಗೆ ಬಿಗಿ ಸಡಿಲಗೊಂಡು ಬಾಗುತ್ತದೆ. ಆದ್ದರಿಂದ ಸೀಟನ್ನು 2 ಮಿಮೀ ಉಳಿಸಿ ತೋಡಿ, ಮೂರು ನಾಲ್ಕು ದಿನ ನೆರಳಲ್ಲಿ ನಿಲ್ಲಿಸಿ, ಆಮೇಲೆ ಕೊನೆಯ ಪಾಸ್ ಕೊಡುವುದು ಕ್ಷೇಮ.

ಪಾಲಿಶ್‌ನಲ್ಲಿ ಸಿಎನ್‌ಸಿ ಕೆಲಸದ ದೋಷಗಳು ಬೇರೆ ಥರದವು. ಮೊಂಡಾದ ಬಿಟ್ ಮರದ ಮೈಯನ್ನು ಒತ್ತಿ ಹೊಳಪು ಮಾಡಿಬಿಡುತ್ತದೆ. ಕಣ್ಣಿಗೆ ಚೆಂದ, ಆದರೆ ಅಲ್ಲಿ ಸ್ಟೇನ್ ಹಿಡಿಯದೆ ತೇಪೆ ತೇಪೆಯಾಗುತ್ತದೆ, ಗೋಂದೂ ಕಚ್ಚುವುದಿಲ್ಲ. ಮೂಲೆಯಲ್ಲಿ ಬಿಟ್ ಕ್ಷಣ ನಿಂತಲ್ಲಿ ಸುಟ್ಟ ಕಲೆ ಇರುತ್ತದೆ, ಅದರ ಮೇಲೆ ಎಷ್ಟು ಸೀಲರ್ ಹೊಡೆದರೂ ಮರೆಯಾಗುವುದಿಲ್ಲ, ಕೆರೆದೇ ತೆಗೆಯಬೇಕು. ಕ್ರಮ ಹೀಗಿರಲಿ: 120ರಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಎಳೆ ಎಬ್ಬಿಸಿ, ಪೂರ್ತಿ ಒಣಗಿದ ಮೇಲೆ 180, ನಂತರ 240. ಕೆತ್ತನೆಯ ಸಂದಿಗೆ ಉಪ್ಪುಕಾಗದಕ್ಕಿಂತ ಡ್ರಿಲ್ಲಿಗೆ ಹಾಕುವ ನೈಲಾನ್ ಬ್ರಷ್ ವಾಸಿ, ಅಂಚು ಸವೆಯುವುದಿಲ್ಲ. ತೇಗದಲ್ಲಿ ಎಣ್ಣೆ ಇರುವುದರಿಂದ ಗೋಂದು ಹಚ್ಚುವ ಜಾಗವನ್ನು ಆಗಲೇ ತಿನ್ನರ್ ಅಥವಾ ಅಸಿಟೋನ್‌ನಲ್ಲಿ ಒರೆಸಿ, ಎಣ್ಣೆ ಮತ್ತೆ ಮೇಲೆ ಬರುವ ಮೊದಲೇ ಅಂಟಿಸಬೇಕು. ಆಮೇಲೆ ಎರಡು ಕೋಟ್ ಪಿಯು (ಪಾಲಿಯುರೆಥೇನ್) ಸೀಲರ್, ನಡುವೆ 320, ಮೇಲೆ ಮ್ಯಾಟ್ ಟಾಪ್‌ಕೋಟ್. ಮೆಲಮೈನ್ ಪಾಲಿಶ್ ಅಗ್ಗ, ಆದರೆ ಮಳೆ ಹಿಡಿದ ದಿನ ಸ್ಪ್ರೇ ಮಾಡಿದರೆ ಹಾಲು ಹಾಕಿದಂತೆ ಬೆಳ್ಳಗಾಗುತ್ತದೆ. ಅಗಸೆ ಎಣ್ಣೆ ಹಚ್ಚುವವರು ಬಟ್ಟೆಯನ್ನು ಉಂಡೆ ಮಾಡಿ ಹೊಟ್ಟಿನ ಚೀಲದ ಹತ್ತಿರ ಎಸೆಯಬಾರದು. ಅದು ತಾನೇ ಕಾದು ಹೊತ್ತಿಕೊಳ್ಳುತ್ತದೆ. ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿ.

ಕರೆಂಟು ಹೋಗುವ ಊರಿನಲ್ಲಿ, ಫೈಲ್ ಓದಿ ಯಂತ್ರ ಓಡಿಸುವ ಡಿಎಸ್‌ಪಿ ಕಂಟ್ರೋಲರ್ ನಿಂತ ಸಾಲನ್ನು ನೆನಪಿಡುತ್ತದೆ ನಿಜ, ಆದರೆ ಕರೆಂಟಿಲ್ಲದ ಮೋಟಾರಿಗೆ ಹಿಡಿತವಿಲ್ಲ, ಕಮಾನನ್ನು ಯಾರಾದರೂ ಕೈಯಲ್ಲಿ ತಳ್ಳಿದರೆ ಜಾಗ ಹೋಯಿತು. ಮತ್ತೆ ಹೋಮ್ ಮಾಡಿಯೇ, ಅಂದರೆ ಯಂತ್ರವನ್ನು ಅದರ ಆರಂಭದ ಜಾಗಕ್ಕೆ ಕಳಿಸಿಯೇ, ಶುರು ಮಾಡಬೇಕು. ಅದಕ್ಕೆ ಕೆಲಸದ ಸೊನ್ನೆಯನ್ನು ಹಲಗೆಯ ಮೂಲೆಯಲ್ಲಿ ಅಂದಾಜಿಗೆ ಇಡದೆ, ಹೋಮ್‌ನಿಂದ ಎಷ್ಟು ದೂರವೆಂದು ಗೋಡೆಯ ಮೇಲೆ ಬರೆದಿಡಿ. ಕಾರಣವಿಲ್ಲದೆ ನಡುವೆ ನಿಲ್ಲುವ ಯಂತ್ರಕ್ಕೆ ಬೈಯುವ ಮೊದಲು ಹೊಟ್ಟು ಎಳೆಯುವ ಪ್ಲಾಸ್ಟಿಕ್ ಪೈಪನ್ನು ನೋಡಿ. ಒಣ ಹೊಟ್ಟು ಓಡುವಾಗ ಅದರಲ್ಲಿ ಸ್ಥಿರ ವಿದ್ಯುತ್ ಕೂಡಿ ಕಂಟ್ರೋಲರ್ ತಬ್ಬಿಬ್ಬಾಗುತ್ತದೆ. ಪೈಪಿನೊಳಗೆ ತಾಮ್ರದ ತಂತಿ ಎಳೆದು ಅರ್ತಿಂಗ್‌ಗೆ ಕಟ್ಟಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಡಸ್ಟ್ ಕಲೆಕ್ಟರ್ ಇಲ್ಲದೆ ಈ ಯಂತ್ರ ಓಡಿಸಲೇಬಾರದು. ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ ಇಟ್ಟಿದೆ. ಮೂಗಿಗೆ ಕಟ್ಟಿಕೊಂಡ ಟವೆಲ್ಲಿಗೆ ಸಣ್ಣ ಧೂಳು ತಡೆಯುವುದಿಲ್ಲ.

ಸಾಫ್ಟ್‌ವೇರಿನ ಬಗ್ಗೆ ಎರಡೇ ಮಾತು. ಕೆತ್ತನೆಯ ಸಾಫ್ಟ್‌ವೇರ್ ಆರ್ಟ್‌ಕ್ಯಾಮ್ ಅನ್ನು ಆಟೋಡೆಸ್ಕ್ ಕಂಪನಿ 2018ರಲ್ಲೇ ನಿಲ್ಲಿಸಿತು, ಆದರೂ ಅದರ ಕಳ್ಳ ಪ್ರತಿಯನ್ನು ಯಂತ್ರದ ಜೊತೆ ‘ಫ್ರೀ’ ಎಂದು ಕೊಡುವವರಿದ್ದಾರೆ. ಕುರ್ಚಿಯ ಕೆಲಸಕ್ಕೆ ವೀಕಾರ್ವ್ ಥರದ್ದು ಸಾಕು, ಬಾಗು ಮತ್ತು ಕೀಲನ್ನು ಒಟ್ಟಿಗೆ ಬಿಡಿಸಬೇಕೆಂದರೆ ಫ್ಯೂಷನ್.

ತಿಂಗಳಿಗೆ ಒಂದು ಸೆಟ್ ಕುರ್ಚಿ ಮಾಡುವ ಅಂಗಡಿಗೆ ಈ ಯಂತ್ರ ಬೇಡ, ಪಕ್ಕದ ಜಾಬ್‌ವರ್ಕ್ ಅಂಗಡಿಯಲ್ಲಿ 12 ಮಿಮೀ ಎಂಡಿಎಫ್ ಟೆಂಪ್ಲೇಟ್ ಮಾಡಿಸಿಕೊಂಡು ಕೈ ರೂಟರಿನ ಬೇರಿಂಗ್ ಬಿಟ್‌ನಲ್ಲಿ ಕಾಲುಗಳನ್ನು ತೆಗೆಯಬಹುದು. ವಾರಕ್ಕೆ ಎರಡು ಸೆಟ್ಟಿನ ಆರ್ಡರ್ ಇರುವವರು ಕೊಳ್ಳಲಿ. ಮುಂಗಡ ಕೊಡುವ ಮೊದಲು ಮಾರುವವರ ಗಣಪತಿ ಡೆಮೊ ನಿಲ್ಲಿಸಿ, ಎಂಡಿಎಫ್‌ನಲ್ಲಿ 1000 ಮಿಮೀ ಚೌಕ ಮತ್ತು 100 ಮಿಮೀ ವೃತ್ತ ಕೊಯ್ದು ಕೊಡಲು ಹೇಳಿ. ಚೌಕದ ಎರಡೂ ಕರ್ಣ 1414.2 ಮಿಮೀ ಬರಬೇಕು. ಕರ್ಣಗಳ ನಡುವೆ 1 ಮಿಮೀ ವ್ಯತ್ಯಾಸ ಇದ್ದರೆ ಕಮಾನು ಮೀಟರಿಗೆ 0.7 ಮಿಮೀ ಓರೆ ಓಡುತ್ತಿದೆ, ಅದನ್ನು ಕೂರಿಸುವ ದಿನವೇ ಸರಿಮಾಡಿಸಿಕೊಳ್ಳಬಹುದು. ವೃತ್ತದ ನಾಲ್ಕು ದಿಕ್ಕಿನಲ್ಲಿ, ಅಂದರೆ ಮೋಟಾರು ದಿಕ್ಕು ಬದಲಿಸುವಲ್ಲಿ, ಬೆರಳಿಗೆ ಚಪ್ಪಟೆ ಸಿಕ್ಕರೆ ಅದು ಪಿನಿಯನ್‌ನ ಸಡಿಲ. ಅಂಥ ಯಂತ್ರದಲ್ಲಿ ಮಾರ್ಟೀಸ್ ತೂತು ಬಿಗಿಯಾಗಿ ಬರುವುದಿಲ್ಲ, ಬೇರೆ ಯಂತ್ರ ನೋಡಿ.